ನಂದಿಯ ಪಕ್ಕದ ಪೆಟ್ಟಿಗೆ

ಆ ಸೋಮವಾರ ಬೆಳಿಗ್ಗೆ ನಮ್ಮ ಯಜಮಾನರು ಫೋನ್ ಮಾಡಿ, "ಮೆಂತ್ಯದ ಸೊಪ್ಪು ಎಳೇದು ಬಂದಿದೆ, ತರ್ಲಾ?" ಎಂದು ಕೇಳಿದರು. ತನ್ನಿ ಎಂದೆ. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಹತ್ತಿರವೇ ಪಾರ್ಕು ಇದ್ದರೂ, ಬಸ್ಸು ಹತ್ತಿ ಪುಟ್ಟೇನಹಳ್ಳಿ ಕೆರೆಗೇ ಹೋಗಿ ನಡೆದಾಡಬೇಕೆಂಬುದು ಅವರ ಹಟ. ಅಲ್ಲಿನ ಹಕ್ಕಿಗಳು ಶ್ರುತಿಯಲ್ಲಿ ಕೂಗುತ್ತವೆ ಎಂದು ಹೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರ ನಂಬರಿನಿಂದಲೇ ಮತ್ತೊಂದು ಕರೆ ಬಂತು. ಧ್ವನಿ ಬೇರೆ ಯಾರದೋ.

"ಅಮ್ಮಾ, ಈ ಫೋನಿನೋರು ನಿಮಗೇನಾಗ್ಬೇಕು? ಕೆರೆ ಹತ್ರ ಬೆಂಚಿನ ಮೇಲೆ ಕೂತಿದ್ದಾರೆ. ಎಷ್ಟು ಕರೆದ್ರೂ ಏಳ್ತಿಲ್ಲ."

ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಒಲೆ ಆರಿಸಿದೆ. ಹಣೆಗೆ ವಿಭೂತಿ ಹಚ್ಚಿಕೊಂಡು ಮಗ ಚಿದಾನಂದನನ್ನು ಕೂಗಿದೆ. ಇಬ್ಬರೂ ಆಟೋ ಹಿಡಿದು ಕೆರೆಗೆ ಹೋದೆವು. ಅವರು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು, ಪೂಜೆಗೆ ಕೂತವರ ಹಾಗೆ. ತೊಡೆಯ ಮೇಲೆ ಮೆಂತ್ಯದ ಕಟ್ಟು ಇತ್ತು. ಅವರನ್ನು ಮನೆಗೆ ತಂದೆವು, ಸೊಪ್ಪನ್ನೂ ತಂದೆವು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಒಂದು ಲೋಟ ನೀರಿನಲ್ಲಿ ನಿಲ್ಲಿಸಿದೆ. ಬಂದುಹೋಗುವ ಜನ, ಅಳು, ಆರಾಧನೆ ಎಲ್ಲ ಮುಗಿಯುವವರೆಗೂ ಅದು ಹಾಗೇ ಹಸಿರಾಗಿ ನಿಂತಿತ್ತು.

ನಮ್ಮ ಯಜಮಾನರ ಹೆಸರು ಸೋಮನಾಥ್. ವಿದ್ಯುತ್ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಆದರೆ ನಮ್ಮ ರಸ್ತೆಯವರಿಗೆಲ್ಲ ಅವರು ಹಾರ್ಮೋನಿಯಂ ಸೋಮಣ್ಣ. ರಸ್ತೆಯ ಕೊನೆಗೆ ಚಿಕ್ಕದೊಂದು ಈಶ್ವರನ ಗುಡಿಯಿದೆ. ಒಳಗೆ ಲಿಂಗ, ಎದುರಿಗೆ ಕಲ್ಲಿನ ನಂದಿ, ನಂದಿಯ ಹಿಂದೆ ಕೆಲವು ಸಾಲು ಜನ ಕೂರುವಷ್ಟು ಹಜಾರ. ಪ್ರತಿ ಸೋಮವಾರ ಸಂಜೆ ಅಲ್ಲಿ ಭಜನೆ. ನಾವೆಲ್ಲ ದೇವರ ಕಡೆಗೆ ಮುಖ ಮಾಡಿ ಕೂರುತ್ತೇವೆ. ಅವರು ಮಾತ್ರ ನಂದಿಯ ಎಡಕ್ಕೆ, ಕಂಬಕ್ಕೆ ಬೆನ್ನು ಕೊಟ್ಟು, ಅಡ್ಡಲಾಗಿ ಕೂರುತ್ತಿದ್ದರು. ಹಾಗೇಕೆ ಎಂದು ಕೇಳಿದರೆ, "ಒಂದು ಕಿವಿ ದೇವರಿಗೆ, ಇನ್ನೊಂದು ಕಿವಿ ಜನಕ್ಕೆ" ಎಂದು ನಗುತ್ತಿದ್ದರು.

ಅವರು ಲಿಂಗೈಕ್ಯರಾದ ಮೇಲೆ ಆ ಜಾಗದಲ್ಲಿ ಯಾರೂ ಕೂರಲಿಲ್ಲ. ಕೂರಬಾರದೆಂದು ಯಾರೂ ಹೇಳಿರಲಿಲ್ಲ. ಅವರ ಚಾಪೆಯನ್ನು ಹಾಸಿ ಅದರ ಮೇಲೆ ಒಂದು ಹೂವಿಟ್ಟು ನಾವು ಹಾಡಲು ಕೂರುತ್ತಿದ್ದೆವು. ಅವರ ಹಾರ್ಮೋನಿಯಂ ಹೊಸಕೆರೆಹಳ್ಳಿಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಒಂದು ಪಾಠಶಾಲೆಗೆ ಹೋಯಿತು. ತಮ್ಮ ಕಾಲ ಮುಗಿದ ಮೇಲೆ ಅದು ಅಟ್ಟ ಸೇರಬಾರದು, ಮಕ್ಕಳ ಕೈ ಸೇರಬೇಕು ಎಂಬುದು ಅವರ ಆಸೆಯಾಗಿತ್ತು. ನಡೆಸಿಕೊಟ್ಟೆವು.

ಹಾರ್ಮೋನಿಯಂ ಇಲ್ಲದ ಭಜನೆ ಏನಾಯಿತೆಂದರೆ, ಮುಂದಿನ ಸಾಲು ಒಂದು ಶ್ರುತಿ, ಹಿಂದಿನ ಸಾಲು ಇನ್ನೊಂದು ಶ್ರುತಿ. ಕರೆಂಟಿನ ಶ್ರುತಿಪೆಟ್ಟಿಗೆ ತಂದಿಟ್ಟೆವು. ಅದು ಒಂದೇ ಸಮನೆ ಗುಂಯ್ ಎನ್ನುತ್ತಿತ್ತೇ ಹೊರತು ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ. ನಮ್ಮ ಯಜಮಾನರು ನಿಲ್ಲುತ್ತಿದ್ದರು. ಕಡೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂರುವ ಈಶ್ವರಮ್ಮನವರು ನಮ್ಮೆಲ್ಲರಿಗಿಂತ ಹಿರಿಯರು; ಕಿವಿ ಮಂದ. ಪ್ರತಿ ಸಾಲನ್ನೂ ಅವರು ಎಲ್ಲರಿಗಿಂತ ಒಂದು ಉಸಿರು ತಡವಾಗಿ ಮುಗಿಸುತ್ತಾರೆ. ಆ ಒಂದು ಉಸಿರಿನವರೆಗೆ ಹಾರ್ಮೋನಿಯಂ ಸ್ವರ ಹಿಡಿದುಕೊಂಡು ಕಾಯುತ್ತಿತ್ತು. ಈಗ ಕಾಯುವವರಿಲ್ಲದೆ ಈಶ್ವರಮ್ಮನವರ ದನಿ ಒಂಟಿಯಾಗಿ ಉಳಿಯತೊಡಗಿತು. ಅವರು ನಾಚಿಕೊಂಡು ಹಾಡುವುದನ್ನೇ ಬಿಟ್ಟರು. ಅವರ ಹಿಂದೆ ಇನ್ನೂ ಕೆಲವರು ಬಿಟ್ಟರು.

ಭಜನಾ ಮಂಡಳಿಯ ಹಿರಿಯರು ಶಂಭುಲಿಂಗಪ್ಪನವರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಈಗಲೂ ಶರಟನ್ನು ಇಸ್ತ್ರಿ ಮಾಡಿಸಿ ಹಾಕಿಕೊಂಡೇ ಭಜನೆಗೆ ಬರುತ್ತಾರೆ. ವರ್ಷದ ಪುಣ್ಯಸ್ಮರಣೆಗೆ ಇನ್ನು ಕೆಲವೇ ವಾರಗಳಿವೆ ಎನ್ನುವಾಗ ಅವರು ಮನೆಗೆ ಬಂದು ಕೂತು, ಕೊಟ್ಟ ಕಾಫಿಯನ್ನು ಪಕ್ಕಕ್ಕಿಟ್ಟು ಮಾತು ತೆಗೆದರು.

"ಶಿವಬಸಮ್ಮನೋರೇ, ತಪ್ಪು ತಿಳ್ಕೋಬೇಡಿ. ಸೋಮಣ್ಣನ ವರ್ಷದ ದಿನ ಒಂದು ಭಜನೆ ಚೆನ್ನಾಗಿ ಮಾಡೋಣ. ಅಲ್ಲಿಗೆ ಮಂಗಳ ಹಾಡಿ ಮುಗಿಸಿಬಿಡೋಣ. ಹೀಗೆ ಎಳೆದಾಡ್ಕೊಂಡು ಹೋದ್ರೆ ಅವರಿಗೂ ಶೋಭೆ ಅಲ್ಲ."

ನಮ್ಮ ಯಜಮಾನರು ಹೋದರು, ನಿಜ. ಅವರ ಸೋಮವಾರವೂ ಹೋಗಬೇಕೇ?

ಒಳಗೆ ಕೂತು ಈ ಮಾತು ಕೇಳಿದವಳು ನನ್ನ ಮೊಮ್ಮಗಳು ಸ್ಪಂದನಾ. ಚಿದಾನಂದನ ಮಗಳು, ಕಾಲೇಜಿನಲ್ಲಿ ಓದುತ್ತಾಳೆ. ಗಿಟಾರ್ ಬಾರಿಸುತ್ತಾಳೆ. ತಾತ ಮೊಮ್ಮಗಳು ಭಾನುವಾರ ಮಹಡಿಯ ಮೇಲೆ ಕೂತು ಅವಳ ಗಿಟಾರು, ಅವರ ಹಾರ್ಮೋನಿಯಂ ಜೋಡಿಸಿಕೊಂಡು ಭಜನೆಯ ಹಾಡುಗಳನ್ನೇ ನುಡಿಸುತ್ತಿದ್ದುದುಂಟು. "ನಿನ್ನ ಗಿಟಾರು ಗುಟ್ಟು ಹೇಳತ್ತೆ, ನನ್ನ ಪೆಟ್ಟಿಗೆ ಗೊರಕೆ ಹೊಡಿಯತ್ತೆ" ಎನ್ನುತ್ತಿದ್ದರು ಅವರು. ಸ್ಪಂದನಾ ಹೊರಗೆ ಬಂದು, "ಅಂಕಲ್, ನಾನು ಬರ್ತೀನಿ ಸೋಮವಾರ. ಗಿಟಾರ್ ತರ್ತೀನಿ" ಎಂದಳು.

ಶಂಭುಲಿಂಗಪ್ಪನವರು ನನ್ನ ಮುಖ ನೋಡಿದರು. "ಗಿಟಾರಾ? ಗುಡಿ ಒಳಗಾ? ಅದು ಪರದೇಶದ್ದಲ್ವೇ?"

ಆ ಮಾತು ಮರುದಿನವೇ ಈಶ್ವರಮ್ಮನವರಿಗೆ ತಲುಪಿತು. ಕಿವಿ ಮಂದವಾದರೂ ಇಂಥ ಸುದ್ದಿ ಅವರಿಗೆ ಬೇಗ ಕೇಳಿಸುತ್ತದೆ. ಗುಡಿಯ ಮೆಟ್ಟಿಲಲ್ಲಿ ಶಂಭುಲಿಂಗಪ್ಪನವರನ್ನು ತಡೆದು ನಿಲ್ಲಿಸಿ ಕೇಳಿದರಂತೆ: "ಗಿಟಾರು ಪರದೇಶದ್ದು ಅಂದ್ಯಂತೆ. ಹಾರ್ಮೋನಿಯಂ ಏನು, ನಿಮ್ಮಪ್ಪನ ಹೊಲದಲ್ಲಿ ಬೆಳೆದಿತ್ತೇನಪ್ಪ?"

ಹಾಗೆ ಗಿಟಾರು ಗುಡಿಯೊಳಗೆ ಬಂತು. ಆದರೆ ಮೊದಲ ಸೋಮವಾರ ತಾಳ, ಡೋಲಕ್ಕು ಶುರುವಾದೊಡನೆ ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹುಡುಗಿ ಬೆರಳು ಕೆಂಪಾಗುವಂತೆ ಬಾರಿಸಿದಳು. ಭಜನೆ ಮುಗಿದ ಮೇಲೆ ಈಶ್ವರಮ್ಮನವರು ಅವಳ ಗಲ್ಲ ಸವರಿ, "ಪಾಪ, ಅಷ್ಟು ಹೊತ್ತಿಂದ ಅದರ ಧೂಳು ಒರೆಸ್ತಾನೇ ಇದ್ದೀಯಲ್ಲ, ಬಾರಿಸೋದು ಯಾವಾಗ ಮಗಳೇ?" ಎಂದರು. ಆಮೇಲೆ ಗುಡಿಯಲ್ಲಿ ಬಹಳ ದಿನಗಳ ನಂತರ ನಗು ಕೇಳಿಸಿತು. ಸ್ಪಂದನಾ ಕೂಡ ನಕ್ಕಳು. ನಕ್ಕು, "ಅಜ್ಜಿ, ಇದಕ್ಕೊಂದು ಆಂಪ್ಲಿಫೈಯರ್ ಬೇಕು. ಇದರ ಹೊಟ್ಟೆ ಒಳಗೆ ದನಿ ಹಿಡಿಯೋ ಪಿಕಪ್ ಇದೆ, ತಂತಿ ಸಿಕ್ಕಿಸಿದ್ರೆ ಸಾಕು" ಎಂದಳು.

ಶಂಭುಲಿಂಗಪ್ಪನವರು ಯೋಚಿಸಿ ಒಪ್ಪಿದರು. ಆದರೆ ಒಂದು ಮಾತು ಹೇಳಿದರು. "ಈಶ್ವರಮ್ಮನಿಗೆ ಕಡೇ ಸಾಲಿನಲ್ಲಿ ಕೇಳಿಸ್ಬೇಕು. ಕೇಳಿಸಿದ್ರೆ ಭಜನೆ ನಡೆಯತ್ತೆ. ಇಲ್ದಿದ್ರೆ ನಾನು ಹೇಳಿದ ಹಾಗೆ ವರ್ಷದ ದಿನಕ್ಕೆ ಮಂಗಳ."

ಶನಿವಾರ ಬೆಳಿಗ್ಗೆ ನಾವು ನಾಲ್ವರು ಜಯನಗರ ನಾಲ್ಕನೇ ಬ್ಲಾಕಿಗೆ ಹೊರಟೆವು. ಈಶ್ವರಮ್ಮನವರು ಮನೆಯಲ್ಲೇ ಇರಲಿ ಎಂದರೆ ಕೇಳಲಿಲ್ಲ. "ಕಿವಿ ಕೇಳಿಸದೋಳು ಬರದೇ ಇದ್ರೆ, ಕೇಳಿಸತ್ತೋ ಇಲ್ವೋ ಅಂತ ಯಾರು ಹೇಳ್ತಾರೆ?" ಬಸ್ಸಿನಲ್ಲಿ ಹೆಂಗಸರಾದ ನಮಗೆ ಟಿಕೆಟ್ಟು ಪುಕ್ಕಟೆ, ಶಂಭುಲಿಂಗಪ್ಪನವರಿಗೆ ಮಾತ್ರ ಹಣ. ಅವರು ಕಿಸೆಗೆ ಕೈ ಹಾಕಿದಾಗ ಈಶ್ವರಮ್ಮನವರು, "ಗಂಡಸಾಗಿ ಹುಟ್ಟಿದ್ದಕ್ಕೆ ಕೊಡಪ್ಪ, ಕೊಡು" ಎಂದರು. ಕಂಡಕ್ಟರ್ ಕೂಡ ನಕ್ಕ.

ಅಂಗಡಿ ಒಂದು ಮಹಡಿಯ ಮೇಲಿತ್ತು. ಗೋಡೆಯ ತುಂಬ ಗಿಟಾರುಗಳು ಗೊನೆಗಳ ಹಾಗೆ ನೇತಾಡುತ್ತಿದ್ದವು. ಅಂಗಡಿಯವನ ಹೆಸರು ಭೀಮೇಶ್, ಕೂದಲು ಹಿಂದಕ್ಕೆ ಕಟ್ಟಿದ ಮೂವತ್ತು ದಾಟಿದ ಹುಡುಗ. ನಮ್ಮ ವಿಭೂತಿ, ರುದ್ರಾಕ್ಷಿ, ಇಸ್ತ್ರಿ ಶರಟು ನೋಡಿ ಅವನಿಗೆ ಗಲಿಬಿಲಿಯಾಯಿತು.

"ತಂಬೂರಿ ಪಕ್ಕದ ರಸ್ತೆಲಿ ಸಿಗತ್ತೆ ಸಾರ್."

"ತಂಬೂರಿ ಬೇಡ. ಗಿಟಾರಿಗೆ ಸೌಂಡು ಬೇಕು," ಎಂದರು ಶಂಭುಲಿಂಗಪ್ಪನವರು. ಮೂಲೆಯಲ್ಲಿ ಸೊಂಟದವರೆಗೆ ಬರುವ ಕಪ್ಪು ಪೆಟ್ಟಿಗೆಯೊಂದಿತ್ತು. ಅದರ ತಲೆಯನ್ನು ಹಸುವಿನ ಬೆನ್ನು ತಟ್ಟುವ ಹಾಗೆ ತಟ್ಟಿ, "ಇದು ಗಟ್ಟಿಮುಟ್ಟಾಗಿದೆ" ಎಂದರು.

"ಅದು ಎಲೆಕ್ಟ್ರಿಕ್ ಗಿಟಾರಿಂದು ಸಾರ್. ಇವರದು ಅಕೂಸ್ಟಿಕ್ಕು."

"ಕರೆಂಟು ಕರೆಂಟೇ ತಾನೇ? ಹಾಕಿ ತೋರಿಸಿ."

ಭೀಮೇಶ್ ಸ್ಪಂದನಾ ತಂದಿದ್ದ ಗಿಟಾರಿಗೆ ತಂತಿ ಸಿಕ್ಕಿಸಿದ. ಸ್ಪಂದನಾ ಒಂದು ಸಲ ಬೆರಳಾಡಿಸಿದಳು. ತಗಡಿನ ಮೇಲೆ ಜಲ್ಲಿ ಸುರಿದಂತಾಯಿತು. ಈಶ್ವರಮ್ಮನವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, "ನನಗೆ ಕೇಳಿಸ್ತು ಅಂದ್ರೆ ನಿಮ್ಮ ಗತಿ ಏನು?" ಎಂದರು.

ಭೀಮೇಶನಿಗೆ ಈಗ ಉತ್ಸಾಹ ಬಂತು. "ನೋಡಿ ಆಂಟಿ, ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ದನಿ ಇಲ್ಲ. ಅದಕ್ಕೆ ಈ ಪೆಟ್ಟಿಗೇನೇ ಬಣ್ಣ ಹಚ್ಚಿ ದನಿ ಕೊಡತ್ತೆ. ಇದು ಮರದ ಗಿಟಾರು, ಇದಕ್ಕೆ ತನ್ನದೇ ದನಿ ಇದೆ. ಇದ್ದದ್ದನ್ನ ಇದ್ದ ಹಾಗೇ ದೊಡ್ಡದು ಮಾಡೋದು ಬೇಕು, ಅಷ್ಟೇ."

ಈ ಮಾತು ನನಗೆ ತಿಳಿಯಿತು. ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಮುಟ್ಟಿಸುವವರಲ್ಲಿ ಎರಡು ಬಗೆ. ಕೆಲವರು ಉಪ್ಪುಖಾರ ಸೇರಿಸುತ್ತಾರೆ, ಕೆಲವರು ಕೇಳಿದಷ್ಟನ್ನೇ ಹೇಳುತ್ತಾರೆ. ನಮಗೆ ಬೇಕಾದದ್ದು ಎರಡನೆಯದು.

ಆ ಜಾತಿಯ ಎರಡು ಪೆಟ್ಟಿಗೆಗಳನ್ನು ಅವನು ಎದುರಿಗಿಟ್ಟ. ಎರಡರಲ್ಲೂ ಗಿಟಾರಿಗೊಂದು, ಮೈಕಿಗೊಂದು ತೂತು ಇದ್ದವು. ಒಂದು ದೊಡ್ಡದು, ಹಳೆಯ ಕಾಲದ ಟೀವಿಯಷ್ಟು. ಇನ್ನೊಂದು ಚಿಕ್ಕದು, ಕಂದು ಬಣ್ಣದ್ದು, ನೆಲದ ಮೇಲೆ ಸ್ವಲ್ಪ ಮುಖವೆತ್ತಿ ಕೂರುವಂಥದು. ಸ್ಪಂದನಾ ಚಿಕ್ಕದಕ್ಕೆ ತಂತಿ ಸಿಕ್ಕಿಸಿ ನುಡಿಸಿದಳು. ಅವಳು ಮಹಡಿಯ ಮೇಲೆ ತಾತನ ಜೊತೆ ನುಡಿಸುತ್ತಿದ್ದ ದನಿಯೇ ಅದು. ಪಕ್ಕದಲ್ಲಿ ಕೂತು ಕೇಳಿದಂತಿತ್ತು. ನನ್ನ ಕಣ್ಣು ತುಂಬಿತು. ಸೆರಗು ಹುಡುಕುತ್ತಿರುವಾಗ ಶಂಭುಲಿಂಗಪ್ಪನವರು, "ಹಾಡಿನ ಜೊತೆ ಹೇಗೆ ಅಂತ ನೋಡೋದು ಬೇಡ್ವೇ?" ಎಂದು ಗಂಟಲು ಸರಿಮಾಡಿಕೊಂಡರು.

ಗಲ್ಲಾದ ಮೇಲೆ ಶಾರದೆಯ ಪಟವಿತ್ತು. ನಾವು ಅದರ ಕಡೆಗೆ ತಿರುಗಿ ನೆಲದ ಮೇಲೆ ಕೂತುಬಿಟ್ಟೆವು. ಶಂಭುಲಿಂಗಪ್ಪನವರು ಹಾಡು ಎತ್ತಿಕೊಂಡರು, ನಾನು ಸೇರಿದೆ, ಈಶ್ವರಮ್ಮನವರು ತಾಳ ಹಾಕಿದರು. ತಾಳವನ್ನು ಅವರು ಚೀಲದಲ್ಲಿ ತಂದಿದ್ದರೆಂದು ನಮಗೆ ಗೊತ್ತೇ ಇರಲಿಲ್ಲ. ಒಂದು ಹಾಡು ಮುಗಿಯಿತು.

"ಗೊತ್ತಾಯ್ತಲ್ಲ ಸಾರ್, ಈಗ ದೊಡ್ಡದು ನೋಡೋಣ," ಎಂದು ಭೀಮೇಶ್ ತಂತಿಗೆ ಕೈ ಹಾಕಿದ.

"ತಾಳಿ. ಮಂಗಳ ಹಾಡದೆ ಏಳೋ ಹಾಗಿಲ್ಲ," ಎಂದರು ಶಂಭುಲಿಂಗಪ್ಪನವರು.

ಭಜನೆ ಎತ್ತಿಕೊಂಡರೆ ಮಂಗಳ ಹಾಡಿಯೇ ಏಳಬೇಕು. ನಡುವೆ ಎದ್ದರೆ ಕರೆದ ದೇವರನ್ನು ಬಾಗಿಲಲ್ಲೇ ನಿಲ್ಲಿಸಿ ಹೋದಂತೆ. ಹಾಗಾಗಿ ಮಂಗಳವೂ ಆಯಿತು. ದೊಡ್ಡ ಪೆಟ್ಟಿಗೆಗೆ ಬದಲಿಸಿದ ಮೇಲೆ ಇನ್ನೊಂದು ಹಾಡು, ಇನ್ನೊಂದು ಮಂಗಳ. ಅಷ್ಟರಲ್ಲಿ ಪಿಟೀಲಿನ ತಂತಿ ಕೊಳ್ಳಲು ಬಂದ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದರು. ತೋಳಿನ ತುಂಬ ಹಚ್ಚೆಯಿದ್ದ ಒಬ್ಬ ತರುಣ ಅಲ್ಲಿದ್ದ ಡ್ರಮ್ಮಿನ ಮೇಲೆ ಬೆರಳಿನಿಂದ ಮೆಲ್ಲಗೆ ತಾಳ ಕೊಟ್ಟ. ಮುಗಿದ ಮೇಲೆ, "ಸಖತ್ ಆಗಿತ್ತು ಅಜ್ಜಿ. ಎಲ್ಲಿ ಪ್ರೋಗ್ರಾಂ ಕೊಡ್ತೀರಾ?" ಎಂದು ಈಶ್ವರಮ್ಮನವರನ್ನು ಕೇಳಿದ.

"ಈಶ್ವರನ ಮುಂದೆ," ಎಂದರು ಅವರು. "ನೀನೂ ಬಾ. ಪ್ರಸಾದ ಕೊಡ್ತೀವಿ."

ಸ್ಪಂದನಾಗೆ ಚಿಕ್ಕದೇ ಹಿಡಿಸಿತ್ತು. ಆದರೆ ಶಂಭುಲಿಂಗಪ್ಪನವರು ಒಪ್ಪಲಿಲ್ಲ. "ಅಂಗಡಿ ಬೇರೆ, ಗುಡಿ ಬೇರೆ. ಕಡೇ ಸಾಲಿಗೆ ಹೋಗ್ಬೇಕು ಅಂದ್ರೆ ದೊಡ್ಡದೇ ಬೇಕು." ಅವರ ಮಾತಿನಲ್ಲೂ ಸತ್ಯವಿದೆ ಎನಿಸಿ ನಾನು ಮೊಮ್ಮಗಳಿಗೆ ಸುಮ್ಮನಿರುವಂತೆ ಕಣ್ಸನ್ನೆ ಮಾಡಿದೆ. ಭೀಮೇಶ್ ಒಳ್ಳೆಯವನು. "ತಗೊಂಡ್ಹೋಗಿ ಗುಡೀಲಿ ಹಾಕಿ ನೋಡಿ. ಸರಿ ಹೋಗ್ಲಿಲ್ಲ ಅಂದ್ರೆ ಫೋನ್ ಮಾಡಿ. ನಮ್ಮನೆ ಇಸ್ರೋ ಲೇಔಟು, ನಿಮ್ಮ ಪಕ್ಕದಲ್ಲೇ," ಎಂದ. ಆಟೋದಲ್ಲಿ ದೊಡ್ಡ ಪೆಟ್ಟಿಗೆ ಶಂಭುಲಿಂಗಪ್ಪನವರ ತೊಡೆಯ ಮೇಲೆ ಮದುಮಗನಂತೆ ಕೂತು ಬಂತು.

ಸೋಮವಾರ ಸಂಜೆ ಗುಡಿ ತುಂಬಿತ್ತು. ಭಜನೆ ಬಿಟ್ಟಿದ್ದವರೂ ಪೆಟ್ಟಿಗೆ ನೋಡಲು ಬಂದಿದ್ದರು. ಅದನ್ನು ಎಲ್ಲಿಡಬೇಕು ಎಂಬ ಪ್ರಶ್ನೆಯೇ ನಮಗೆ ಹುಟ್ಟಲಿಲ್ಲ. ಗುಡಿಯಲ್ಲಿ ಯಾರೂ ದೇವರಿಗೆ ಬೆನ್ನು ಹಾಕುವುದಿಲ್ಲ. ಪೆಟ್ಟಿಗೆಗೂ ಮುಖವಿದೆ, ಬೆನ್ನಿದೆ. ಆದ್ದರಿಂದ ಅದನ್ನು ಮುಂದಿನ ಸಾಲಿನಲ್ಲಿ ಕೂತ ಸ್ಪಂದನಾಳ ಬೆನ್ನ ಹಿಂದೆ, ಲಿಂಗಕ್ಕೆ ಮುಖ ಮಾಡಿ ಇಟ್ಟೆವು. ಶಂಭುಲಿಂಗಪ್ಪನವರು ಅದಕ್ಕೂ ಒಂದು ಗೆರೆ ವಿಭೂತಿ ಹಚ್ಚಿದರು.

ಹಾಡು ಶುರುವಾಯಿತು. ಒಂದು ಚರಣ ಮುಗಿಯುವಷ್ಟರಲ್ಲಿ ಹಿಂದಿನಿಂದ ಈಶ್ವರಮ್ಮನವರು ಕೈ ಎತ್ತಿದರು. "ಏನೂ ಕೇಳ್ತಿಲ್ಲ."

ಸ್ಪಂದನಾ ತಿರುಗಿ ದನಿ ಹೆಚ್ಚಿಸಿದಳು.

"ಈಗ್ಲೂ ಇಲ್ಲ."

ಇನ್ನೂ ಹೆಚ್ಚಿಸಿದಳು. ಆಗ ಪೆಟ್ಟಿಗೆ ಊಳಿಡತೊಡಗಿತು. ಸಣ್ಣಗೆ ಶುರುವಾಗಿ, ಗರ್ಭಗುಡಿಯ ಕಲ್ಲಿಗೆ ಬಡಿದು, ಗುಡಿಯೆಲ್ಲ ಕೂಗುವಂತಾಯಿತು. ಹೊರಗೆ ಬೀದಿನಾಯಿಗಳು ದನಿಗೂಡಿಸಿದವು. ಡೋಲಕ್ಕಿನವರು ಬೆಚ್ಚಿ ಕೈ ಬಿಟ್ಟರು. ದನಿ ಇಳಿಸಿದರೆ ಕೂಗು ನಿಲ್ಲುತ್ತದೆ, ಹಿಂದಿನವರಿಗೆ ಕೇಳಿಸುವುದಿಲ್ಲ. ಏರಿಸಿದರೆ ಮತ್ತೆ ಊಳು. ಈಶ್ವರಮ್ಮನವರು ಗೋಡೆಗೆ ಒರಗಿ, "ಹಾಡು ದೇವರಿಗೆ ಮಾತ್ರ ಕೇಳಿಸ್ತಾ ಇದೆ, ಬಿಡಿ. ಕೇಳಬೇಕಾದವನು ಅವನೇ ತಾನೇ?" ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ. ಹೇಗೋ ಮಂಗಳ ಹಾಡಿ ಎದ್ದೆವು.

ಶಂಭುಲಿಂಗಪ್ಪನವರು ಶಲ್ಯದಿಂದ ಮುಖ ಒರೆಸಿಕೊಂಡರು. "ವಾಪಸ್ ಕೊಟ್ಟುಬಿಡೋಣ. ಪ್ರಯತ್ನ ಮಾಡಿದ್ವಿ. ಸೋಮಣ್ಣ ಇದ್ದಾಗಿನ ಭಾಗ್ಯ ಸೋಮಣ್ಣನ ಜೊತೆ ಹೋಯ್ತು." ಅವರ ದನಿಯಲ್ಲಿ ಕೋಪವಿರಲಿಲ್ಲ, ಸೋತವರ ದನಿ ಅದು. ಸ್ಪಂದನಾ ತಲೆ ತಗ್ಗಿಸಿ ಗಿಟಾರಿನ ಚೀಲ ಮುಚ್ಚಿದಳು. ನಾನು ಯಾರಿಗೂ ಹೇಳದೆ ಅವಳ ಫೋನಿನಿಂದ ಭೀಮೇಶನಿಗೆ ಫೋನ್ ಮಾಡಿದೆ.

ಮರುದಿನ ಸಂಜೆ ಅವನು ಸ್ಕೂಟರಿನಲ್ಲಿ ಬಂದ. ಮುಂದೆ ಕಾಲ ಬಳಿ ಚಿಕ್ಕ ಪೆಟ್ಟಿಗೆಯನ್ನೂ ಇಟ್ಟುಕೊಂಡು ಬಂದಿದ್ದ. ಶಂಭುಲಿಂಗಪ್ಪನವರನ್ನೂ ಈಶ್ವರಮ್ಮನವರನ್ನೂ ಕರೆಸಿದೆ. ಭೀಮೇಶ್ ಹಜಾರದಲ್ಲಿ ನಿಂತು ಹಿಂದಿನ ದಿನದ ಏರ್ಪಾಟು ನೋಡಿದೊಡನೆ ಹಣೆ ಚಚ್ಚಿಕೊಂಡ.

"ಸಾರ್, ಜನ ಇರೋದು ಆ ಕಡೆ, ನೀವು ಇಟ್ಟಿರೋದು ಈ ಕಡೆ. ಇದರ ಸೌಂಡೆಲ್ಲ ಗಿಟಾರಿನ ಒಳಗೇ ಹೋಗ್ತಿದೆ, ಕೂಗದೆ ಏನ್ಮಾಡತ್ತೆ? ತಿರುಗಿಸಿ ಜನದ ಕಡೆ ಇಡಿ."

"ದೇವರಿಗೆ ಬೆನ್ನು ಹಾಕಿಯೇ?" ಶಂಭುಲಿಂಗಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು.

"ಅದು ಮಷಿನ್ನು ಸಾರ್."

"ವಿಭೂತಿ ಹಚ್ಚಿದ್ದೀನಲ್ಲಪ್ಪ."

ಭೀಮೇಶ್ ಯೋಚಿಸಿದ. "ಹಾಗಾದ್ರೆ ಮುಂದಕ್ಕೆ ತಗೊಂಡ್ಹೋಗಿ, ಈ ನಂದಿ ಮುಂದೆ ಇಡಿ. ಗಿಟಾರಿಗಿಂತ ಮುಂದೆ ಇದ್ರೆ ಕೂಗಲ್ಲ."

ಈಗ ಈಶ್ವರಮ್ಮನವರು ಬಾಯಿ ಹಾಕಿದರು. "ನಂದಿಗೂ ಲಿಂಗಕ್ಕೂ ನಡುವೆ ನಾನೇ ಹಾಯಲ್ಲ. ನಿನ್ನ ಡಬ್ಬ ಹೋಗಿ ಕೂತ್ಕೊಳ್ಳತ್ತಾ?"

"ಹಿಂದೆ ಇಟ್ರೆ ಕೂಗತ್ತೆ, ಮುಂದೆ ಇಡೋ ಹಾಗಿಲ್ಲ, ತಿರುಗಿಸೋ ಹಾಗಿಲ್ಲ. ಅಜ್ಜಿ, ಇನ್ನು ಮೇಲೆ ನೇತು ಹಾಕ್ಬೇಕು, ಘಂಟೆ ಪಕ್ಕದಲ್ಲಿ," ಎಂದ ಭೀಮೇಶ್. ಅವನಿಗೂ ದಾರಿ ತೋಚಲಿಲ್ಲ.

ನಾನು ನಂದಿಯನ್ನು ನೋಡುತ್ತ ನಿಂತಿದ್ದೆ. ನಂದಿಯ ಎಡಕ್ಕೆ ಅವರ ಚಾಪೆ, ಅದರ ಮೇಲೆ ಹಿಂದಿನ ದಿನದ ಹೂವು. ಒಂದು ವರ್ಷದಿಂದ ನಾನು ಆ ಜಾಗವನ್ನು ನೋಡಿದಾಗಲೆಲ್ಲ ಅವರಿಲ್ಲ ಎಂಬುದನ್ನಷ್ಟೇ ಕಂಡಿದ್ದೆ. ಈಗ ಮೊದಲ ಬಾರಿಗೆ ಅವರು ಅಲ್ಲಿ ಕೂತಿದ್ದ ರೀತಿ ಕಂಡಿತು. ದೇವರ ಕಡೆಗೆ ಬೆನ್ನಿಲ್ಲ. ಜನರ ಕಡೆಗೂ ಬೆನ್ನಿಲ್ಲ. ಒಂದು ಕಿವಿ ಅಲ್ಲಿಗೆ, ಒಂದು ಕಿವಿ ಇಲ್ಲಿಗೆ.

"ಅಲ್ಲಿಡಿ," ಎಂದೆ.

ಶಂಭುಲಿಂಗಪ್ಪನವರು ನಾನು ತೋರಿಸಿದ ಕಡೆ ನೋಡಿ, "ಅದು ಸೋಮಣ್ಣನ ಜಾಗ, ಶಿವಬಸಮ್ಮನೋರೇ" ಎಂದರು ಮೆಲ್ಲಗೆ.

"ಹೌದು. ಅದಕ್ಕೇ."

ನಾನೇ ಹೋಗಿ ಹೂವನ್ನು ಕಣ್ಣಿಗೊತ್ತಿಕೊಂಡು ನಂದಿಯ ಕೊರಳ ಮೇಲಿಟ್ಟೆ. ದೊಡ್ಡ ಪೆಟ್ಟಿಗೆಯನ್ನು ಭೀಮೇಶ್ ಎತ್ತಿ ತಂದ. ಅದು ನಂದಿಯ ಪೀಠಕ್ಕೂ ಕಂಬಕ್ಕೂ ನಡುವೆ ಹಿಡಿಯಲಿಲ್ಲ. ಒಬ್ಬರು ಕೂರಲು ಬಿಟ್ಟರೆ ಅಲ್ಲಿ ಉಳಿಯುವುದು ಒಂದು ಹಾರ್ಮೋನಿಯಮ್ಮಿನಷ್ಟೇ ಜಾಗ. ಸ್ಪಂದನಾ ಓಡಿಹೋಗಿ ಚಿಕ್ಕ ಪೆಟ್ಟಿಗೆ ತಂದಳು. ಕಂಬಕ್ಕೆ ಬೆನ್ನು ಕೊಟ್ಟು, ಮುಖವನ್ನು ಸ್ವಲ್ಪ ಎತ್ತಿ, ಅದು ಅಡ್ಡಲಾಗಿ ಕೂತಿತು. ಅದಕ್ಕೆಂದೇ ಅಳತೆ ಕೊಟ್ಟು ಮಾಡಿಸಿದ ಹಾಗೆ.

"ನೀನು ಅದರ ಪಕ್ಕದಲ್ಲೇ ಕೂತ್ಕೋ," ಎಂದೆ ಮೊಮ್ಮಗಳಿಗೆ. "ಚಾಪೆ ಮೇಲೆ. ಕತ್ತು ಸ್ವಲ್ಪ ತಿರುಗಿಸಿದ್ರೆ ಏನು ಕಾಣತ್ತೆ ಹೇಳು."

ಅವಳು ಕೂತು ತಿರುಗಿದಳು. "ಎಲ್ಲಾ ಕಾಣತ್ತೆ ಅಜ್ಜಿ. ಈಶ್ವರಮ್ಮಜ್ಜಿ ಬಾಯಿನೂ ಕಾಣತ್ತೆ."

"ತಾತ ಅದನ್ನೇ ನೋಡ್ತಾ ಇದ್ದಿದ್ದು."

ಈಶ್ವರಮ್ಮನವರನ್ನು ಅವರ ಗೋಡೆಯ ಬಳಿ ಕೂರಿಸಿ ಹಾಡು ಎತ್ತಿಕೊಂಡೆವು. ಭೀಮೇಶ್ ಕೈಚಪ್ಪಾಳೆಯ ತಾಳ ಹಾಕಿದ. ಮೊದಲ ಸಾಲು ಮುಗಿಯಿತು. ಎಂದಿನಂತೆ ಈಶ್ವರಮ್ಮನವರು ಹಿಂದೆ ಉಳಿದರು. ಸ್ಪಂದನಾ ಅವರ ತುಟಿಯನ್ನೇ ನೋಡುತ್ತ ತಂತಿಯನ್ನು ಮತ್ತೊಮ್ಮೆ ಮೀಟಿದಳು. ಆ ಸ್ವರ ಪೆಟ್ಟಿಗೆಯಿಂದ ಹೊರಟು, ಎದುರು ಗೋಡೆ ತಾಕಿ, ಹಜಾರದ ತುಂಬ ಹರಡಿ ಅಲ್ಲಿಯೇ ನಿಂತಿತು. ಊಳಿಲ್ಲ, ಗದ್ದಲವಿಲ್ಲ. ಅಜ್ಜಿಯ ಉಸಿರು ಮುಗಿದ ಮೇಲೆಯೇ ಎರಡನೆಯ ಸಾಲು ಶುರುವಾಯಿತು. ಮೂರನೆಯ ಸಾಲಿಗೆ ಈಶ್ವರಮ್ಮನವರು ದನಿ ತೆರೆದು ಹಾಡುತ್ತಿದ್ದರು.

ಮಂಗಳ ಮುಗಿದ ಮೇಲೆ ಶಂಭುಲಿಂಗಪ್ಪನವರು ಅವರ ಬಳಿ ಹೋಗಿ ಬಗ್ಗಿ, ಗಟ್ಟಿಯಾಗಿ ಕೇಳಿದರು. "ಕೇಳಿಸ್ತಾ?"

"ಗಿಟಾರೋ ಏನೋ ನನಗೆ ಗೊತ್ತಾಗ್ಲಿಲ್ಲ," ಎಂದರು ಈಶ್ವರಮ್ಮನವರು. "ಯಾರೋ ನನಗೋಸ್ಕರ ಕಾದ ಹಾಗಾಯ್ತು. ಅಷ್ಟು ಸಾಕಲ್ಲ?"

ಶಂಭುಲಿಂಗಪ್ಪನವರು ಕಂಬದ ಬಳಿ ಬಂದರು. ದೊಡ್ಡ ಪೆಟ್ಟಿಗೆಯ ಮೇಲಿದ್ದ ವಿಭೂತಿಯನ್ನು ಶಲ್ಯದ ತುದಿಯಿಂದ ಒರೆಸಿದರು. ಚಿಕ್ಕದಕ್ಕೆ ಹೊಸದಾಗಿ ಹಚ್ಚಿದರು. "ಇದನ್ನ ತಗೊಂಡ್ಹೋಗಪ್ಪ," ಎಂದು ಭೀಮೇಶನಿಗೆ ದೊಡ್ಡದನ್ನು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ವರ್ಷದ ಭಜನೆ ಆದ ಮಾರನೇ ಸೋಮವಾರ ಬೇಗ ಶುರು ಮಾಡೋಣ. ಹೊಸಬರಿಗೆ ಹಾಡು ಹೇಳಿಕೊಡ್ಬೇಕು" ಎಂದರು. ಈಶ್ವರಮ್ಮನವರು, "ಏನಂದ? ನನಗೆ ಕೇಳಿಸ್ಲಿಲ್ಲ, ಇನ್ನೊಂದು ಸಲ ಹೇಳು" ಎಂದು ಅವರಿಂದ ಎರಡು ಸಲ ಹೇಳಿಸಿದರು.

ವರ್ಷದ ಪುಣ್ಯಸ್ಮರಣೆಯ ದಿನ ಗುಡಿಯ ಹಜಾರ ಸಾಲದೆ ಜನ ಮೆಟ್ಟಿಲ ಮೇಲೂ ಕೂತರು. ಅಂಗಡಿಯಲ್ಲಿ ಸಿಕ್ಕಿದ್ದ ಹಚ್ಚೆಯ ತರುಣ ನಿಜವಾಗಿಯೂ ಬಂದಿದ್ದ. ಡೋಲಕ್ಕಿನವರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತ. ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಯ ಬಳಿ ಹೋಗಿ ನಾನೇ ಮೆಂತ್ಯದ ಸೊಪ್ಪು ತಂದಿದ್ದೆ. ಪ್ರಸಾದದ ಊಟಕ್ಕೆ ಮೆಂತ್ಯದ ಬಾತು ಮಾಡಿದ್ದೆವು. ಹೋದ ವರ್ಷ ಅವರು ತಂದ ಸೊಪ್ಪಿನಲ್ಲಿ ಅಡುಗೆ ಮಾಡಲಾಗಿರಲಿಲ್ಲ. ಈ ಸಲ ಜನ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಭೀಮೇಶ್ ಮನೆಗೂ ಒಂದು ಡಬ್ಬಿ ಕಟ್ಟಿಸಿಕೊಂಡ.

ಅದಕ್ಕೆ ಮೊದಲು ಭಜನೆ ನಡೆಯಿತು. ನನ್ನ ಮೊಮ್ಮಗಳು ತಾತನ ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕಂದು ಪೆಟ್ಟಿಗೆ, ಅದರ ಹಣೆಯ ಮೇಲೆ ವಿಭೂತಿ. ಮಂಗಳದ ಕಡೆಯ ಸ್ವರವನ್ನು ಅವಳು ಹಿಡಿದುಕೊಂಡಾಗ ಈಶ್ವರಮ್ಮನವರ ದನಿ ಒಂದೇ ಉಳಿದು, ನಿಧಾನವಾಗಿ ಬಂದು ಸೇರಿತು. ನಾನು ಕಣ್ಣು ಮುಚ್ಚಿ ಕೈಮುಗಿದೆ.

ಪರಶಿವನೇ, ನಿನ್ನ ಬಳಿಗೆ ಬಂದಿರುವ ನಮ್ಮ ಯಜಮಾನರಿಗೆ ನಿನ್ನ ಸನ್ನಿಧಿಯಲ್ಲಿ ನೆಮ್ಮದಿಯನ್ನು ಕೊಡು. ಬದುಕಿದಷ್ಟು ದಿನ ಅವರು ನಿನಗೆ ಬೆನ್ನು ಹಾಕಲಿಲ್ಲ, ನಿನ್ನ ಜನಕ್ಕೂ ಬೆನ್ನು ಹಾಕಲಿಲ್ಲ. ಹಿಂದೆ ಉಳಿದವರಿಗಾಗಿ ಕಾಯುವುದು ಅವರ ಅಭ್ಯಾಸ. ಅಲ್ಲಿಯೂ ನಮಗಾಗಿ ಅವರು ಕಾಯುತ್ತಿದ್ದರೆ, ಆತುರವಿಲ್ಲದೆ, ಸಂಕಟವಿಲ್ಲದೆ, ಹಾಡು ಕೇಳುತ್ತ ಕಾಯುವಂತೆ ಅವರ ಜೀವಕ್ಕೆ ಶಾಂತಿಯನ್ನು ಕರುಣಿಸು ತಂದೆ.